ಭೀಮಾ ದಂಡೆಯ ಬೇರು, ಚಹಾ ಬಣ್ಣದ ನೀರು

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಯಾದಗಿರಿ. ಮನೆಯಲ್ಲಿ ಎರಡು ಅಡಿ ಉದ್ದದ ಅಕ್ವೇರಿಯಂ ಇದೆ. ಹತ್ತು ಗಪ್ಪಿ, ನಾಲ್ಕು ಮೋಲಿ, ಒಂದು ಸಕ್ಕರ್ (ಬಾಯಿಯಿಂದ ಅಂಟಿಕೊಂಡು ಪಾಚಿ ಕೆರೆಯುವ ಮೀನು). ನಳದ ನೀರನ್ನೇ ಹಾಕುತ್ತಿದ್ದೆ, ಎಂಟು ತಿಂಗಳಿಂದ ಎಲ್ಲ ಚೆನ್ನಾಗಿತ್ತು. ಹೋದ ತಿಂಗಳ ಕೊನೆಗೆ ಭೀಮಾ ದಂಡೆಯಲ್ಲಿ ಒಂದು ಚೆಂದದ ಬೇರು ಸಿಕ್ಕಿತು. ಬ್ರಶ್ಶಿನಿಂದ ತಿಕ್ಕಿ ತೊಳೆದು ಟ್ಯಾಂಕಿನಲ್ಲಿ ಇಟ್ಟೆ. ತೇಲುತ್ತಿತ್ತು, ಹಾಗಾಗಿ ಮೇಲೆ ಶಹಾಬಾದ್ ಕಲ್ಲಿನ ತುಂಡು ಹೇರಿದೆ. ಮೂರನೇ ದಿನಕ್ಕೆ ನೀರು ಚಹಾದ ಬಣ್ಣಕ್ಕೆ ತಿರುಗಿತು. ಐದನೇ ದಿನ ಬೇರಿನ ಮೇಲೆ ಬಿಳಿ ಹತ್ತಿಯಂಥದ್ದು ಬೆಳೆಯಿತು. ಹೆದರಿ ಶನಿವಾರ ಪೂರ್ತಿ ನೀರು ಚೆಲ್ಲಿದೆ. ಫಿಲ್ಟರಿನ ಸ್ಪಾಂಜನ್ನು ನಳದ ಕೆಳಗೆ ತಿಕ್ಕಿ, ಬಿಸಿಲಿಗೆ ಒಣಗಿಸಿ, ಬೋರಿನ ನೀರು ತುಂಬಿದೆ. ಬೇರನ್ನು ಬಿಡಲು ಮನಸ್ಸಾಗಲಿಲ್ಲ, ಮತ್ತೆ ಇಟ್ಟೆ. ಸೋಮವಾರ ಬೆಳಿಗ್ಗೆ ಎರಡು ಮೋಲಿ, ನಾಲ್ಕು ಗಪ್ಪಿ ಸತ್ತಿದ್ದವು. ಅಂಗಡಿಯವರು ‘ಹೊಳೆ ಕಟ್ಟಿಗೆ ವಿಷ, ಇಂಪೋರ್ಟೆಡ್ ಪೀಸ್ ತಗೊಳ್ಳಿ, 1,800 ರೂಪಾಯಿ’ ಅಂದರು. ಅವ್ವ ‘ಅದರಾಗ ಏನ್ ಅದನೋ ಏನೋ, ಹೊರಗ ಒಗಿ’ ಅನ್ನುತ್ತಾಳೆ. ಬೇರು ನಿಜಕ್ಕೂ ವಿಷವೇ? ಕಟ್ಟಿಗೆ ಇಟ್ಟರೆ ನೀರು ಮೆತ್ತಗಾಗಿ ನಿಯಾನ್ ಟೆಟ್ರಾ ಸಾಕಬಹುದು ಅಂತಾರೆ, ಹೌದಾ? ಸಕ್ಕರ್ ಸದಾ ಬೇರಿಗೆ ಅಂಟಿಕೊಂಡೇ ಇರುತ್ತದೆ. ಕಟ್ಟಿಗೆ ತಿನ್ನುತ್ತದೆಯೇ?

ಉತ್ತರ:

ಬೇರನ್ನು ಒಗೆಯಬೇಡಿ. ಆದರೆ ಇವತ್ತೇ ಟ್ಯಾಂಕಿನಿಂದ ಹೊರಗೆ ತೆಗೆಯಿರಿ. ಅದಕ್ಕೆ ಆಗಬೇಕಿದ್ದ ಸಂಸ್ಕಾರ ಆಗಿಲ್ಲ, ಅಷ್ಟೇ. ಮೀನು ಸತ್ತಿದ್ದು ಬೇರಿನಿಂದ ಅಂತ ನನಗೆ ಅನಿಸುತ್ತಿಲ್ಲ. ನೀವೇ ಬರೆದ ದಿನಗಳ ಲೆಕ್ಕ ನೋಡಿ. ನೀರು ಚಹಾದಂತಾದಾಗ ಒಂದು ಮೀನೂ ಸಾಯಲಿಲ್ಲ. ಬಿಳಿ ಹತ್ತಿ ಬಂದಾಗಲೂ ಸಾಯಲಿಲ್ಲ. ನೀವು ಎಲ್ಲ ತೊಳೆದು ಫಳಫಳ ಮಾಡಿದ ಎರಡೇ ದಿನಕ್ಕೆ ಆರು ಸತ್ತವು. ಅಂದರೆ ಶನಿವಾರದ ತೊಳೆತವೇ ಮೊದಲ ಆರೋಪಿ.

ಆ ಸ್ಪಾಂಜಿನಲ್ಲಿ ಇದ್ದದ್ದು ಬರೀ ಕೊಳೆ ಅಲ್ಲ. ಮೀನಿನ ಹೇಲು-ಉಚ್ಚೆ, ಉಳಿದ ಆಹಾರ ಇವೆಲ್ಲ ಕೊಳೆತು ಅಮೋನಿಯಾ ಆಗುತ್ತದೆ. ಅದು ಮೀನಿಗೆ ನೇರ ವಿಷ. ಸ್ಪಾಂಜಿನಲ್ಲಿ ಮನೆ ಮಾಡಿಕೊಂಡ ಬ್ಯಾಕ್ಟೀರಿಯಾ ಈ ಅಮೋನಿಯಾವನ್ನು ಮೊದಲು ನೈಟ್ರೈಟ್ ಮಾಡುತ್ತವೆ, ಆಮೇಲೆ ನೈಟ್ರೇಟ್. ನೈಟ್ರೇಟ್ ಅಷ್ಟು ಕೆಟ್ಟದ್ದಲ್ಲ, ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಿಸಿದರೆ ಹೋಗುತ್ತದೆ. ಹೊಸ ಟ್ಯಾಂಕಿನಲ್ಲಿ ಈ ಬ್ಯಾಕ್ಟೀರಿಯಾ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ನಿಮ್ಮಲ್ಲಿ ಎಂಟು ತಿಂಗಳಿಂದ ಬೆಳೆದಿದ್ದವು. ಅವಕ್ಕೆ ನೀವು ಕ್ಲೋರಿನ್ ಇರುವ ನಳದ ನೀರು ಕುಡಿಸಿ, ಯಾದಗಿರಿಯ ಏಪ್ರಿಲ್ ಬಿಸಿಲಿಗೆ ಹರವಿದಿರಿ. ಒಂದೂ ಉಳಿದಿರಲಿಕ್ಕಿಲ್ಲ.

ಅದರ ಮೇಲೆ ಬೋರಿನ ನೀರು. ನಮ್ಮ ಕಡೆಯ ಬೋರಿನ ನೀರು ಗಡಸು, ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) ಜಾಸ್ತಿ. ಪಿಎಚ್ ಮತ್ತು ಬಿಸಿ ಎರಡೂ ಏರಿದಷ್ಟು ಅಮೋನಿಯಾ ಹೆಚ್ಚು ವಿಷವಾಗುತ್ತದೆ. ಬಿಸಿ ನೀರಿನಲ್ಲಿ ಆಮ್ಲಜನಕವೂ ಕಡಿಮೆ. ಒಂದೇ ಸಲಕ್ಕೆ ಇಷ್ಟೆಲ್ಲ ಬಂದರೆ ಗಟ್ಟಿ ಜೀವದ ಮೋಲಿಯೂ ತಡೆಯುವುದಿಲ್ಲ.

ಉಳಿದವನ್ನು ಉಳಿಸಿಕೊಳ್ಳಲು ಈ ಎರಡು ವಾರ ಹೀಗೆ ಮಾಡಿ. ದಿನಾ ಕಾಲು ಭಾಗ ನೀರು ಮಾತ್ರ ಬದಲಿಸಿ. ನಿಮ್ಮ ಟ್ಯಾಂಕ್ ಒಂದೊಂದು ಅಡಿ ಅಗಲ, ಎತ್ತರ ಇದ್ದರೆ ಸುಮಾರು 50 ಲೀಟರ್ ಹಿಡಿಯುತ್ತದೆ. ಹಾಗಾದರೆ ದಿನಕ್ಕೆ ಒಂದು ಕೊಡ ಸಾಕು. ಕ್ಲೋರಿನ್ ತೆಗೆಯುವ ಹನಿ ಹಾಕಿದ ನಳದ ನೀರನ್ನೇ ಬಳಸಿ, ಬೋರು ಬೇಡ. ಗಾಳಿ ಪಂಪು ರಾತ್ರಿಯೂ ನಡೆಯಲಿ. ಆಹಾರ ದಿನ ಬಿಟ್ಟು ದಿನ, ಅದೂ ಚಿಟಿಕೆ. ಸ್ಪಾಂಜನ್ನು ಮುಟ್ಟಲೇಬೇಡಿ. ಮುಂದೆ ತೊಳೆಯುವಾಗಲೂ ಟ್ಯಾಂಕಿನಿಂದ ತೆಗೆದ ನೀರಿನಲ್ಲಿ ಎರಡು ಸಲ ಹಿಂಡಿದರೆ ಮುಗಿಯಿತು. ಅಮೋನಿಯಾ ಟೆಸ್ಟ್ ಕಿಟ್ ಒಂದು ತಂದಿಟ್ಟುಕೊಳ್ಳಿ. ಆ 1,800 ರೂಪಾಯಿಯಲ್ಲಿ ಸ್ವಲ್ಪ ಇದಕ್ಕೆ ಹಾಕಿದರೂ ಸಾರ್ಥಕ.

ಇನ್ನು ಬಣ್ಣದ ವಿಷಯ. ಕಟ್ಟಿಗೆಯಿಂದ ಇಳಿಯುವುದು ಟ್ಯಾನಿನ್. ನಾವು ಕುಡಿಯುವ ಚಹಾದ ಒಗರೂ ಅಂಥದ್ದೇ ವಸ್ತುವಿನಿಂದ ಬರುವುದು. ನಿಮ್ಮ ಬೇರು ಯಾವ ಮರದ್ದು ಅಂತ ನೀವು ಬರೆದಿಲ್ಲ. ಭೀಮಾ ದಂಡೆಯಲ್ಲಿ ಸಿಕ್ಕಿದ್ದು, ಮೂರೇ ದಿನದಲ್ಲಿ ಇಷ್ಟು ಬಣ್ಣ ಬಿಟ್ಟಿದೆ ಅಂದರೆ ಕರಿಜಾಲಿ ಇರಬಹುದು ಅಂತ ನನ್ನ ಅಂದಾಜು. ಜಾಲಿ ತೊಗಟೆಯನ್ನು ತೊಗಲು ಹದ ಮಾಡಲು ಬಳಸುತ್ತಿದ್ದರು ಗೊತ್ತಲ್ವಾ? ಅದರಲ್ಲಿ ಟ್ಯಾನಿನ್ ಅಷ್ಟು ಜಾಸ್ತಿ. ತೊಗಟೆ ಸಮೇತ ಟ್ಯಾಂಕಿಗೆ ಇಟ್ಟರೆ ನೀರು ಚಹಾ ಆಗದೆ ಇನ್ನೇನಾಗುತ್ತದೆ!

ಈ ಬಣ್ಣ ಮೀನಿಗೆ ತೊಂದರೆ ಕೊಡುವುದಿಲ್ಲ. ದಕ್ಷಿಣ ಅಮೆರಿಕದಲ್ಲಿ ಅಮೆಜಾನಿಗೆ ಸೇರುವ ರಿಯೋ ನೆಗ್ರೊ ಅಂತ ನದಿ ಇದೆ. ಹೆಸರಿನ ಅರ್ಥವೇ ಕರಿ ನದಿ. ಕಾಡಿನ ಎಲೆ, ಕಟ್ಟಿಗೆ ನೆನೆದು ನೆನೆದು ಅದರ ನೀರು ಕಡು ಚಹಾದಂತೆ ಹರಿಯುತ್ತದೆ. ಅಂಗಡಿಯಲ್ಲಿ ಸಿಗುವ ಕಾರ್ಡಿನಲ್ ಟೆಟ್ರಾದ ತವರು ಅದೇ. ಅಂಥ ಕರಿ ನೀರಿನಲ್ಲಿ ಆ ಮೀನಿನ ಕೆಂಪು ಹೇಗೆ ಎದ್ದು ಕಾಣುತ್ತದೆ ಅಂದರೆ, ಒಮ್ಮೆ ನೋಡಿದವರು ಆಮೇಲೆ ಬೇಕಂತಲೇ ಬಾದಾಮಿ ಮರದ ಒಣ ಎಲೆ ಹಾಕಿ ನೀರಿಗೆ ಬಣ್ಣ ಬರಿಸುತ್ತಾರೆ. ನಿಮಗೆ ಇಷ್ಟವಿಲ್ಲದಿದ್ದರೆ ಫಿಲ್ಟರಿನಲ್ಲಿ ಒಂದು ಹಿಡಿ ಆಕ್ಟಿವೇಟೆಡ್ ಕಾರ್ಬನ್ ಚೀಲ ಇಡಿ. ಎರಡು-ಮೂರು ದಿನದಲ್ಲಿ ನೀರು ತಿಳಿಯಾಗುತ್ತದೆ. ಕೆಲವು ವಾರಕ್ಕೆ ಅದರ ಕಸುವು ಮುಗಿಯುತ್ತದೆ, ಬದಲಿಸಬೇಕು. ಒಲೆಯ ಇದ್ದಿಲು ಇದಕ್ಕೆ ಆಗುವುದಿಲ್ಲ, ಕೇಳುವವರು ಇದ್ದಾರೆ ಅಂತ ಹೇಳುತ್ತಿದ್ದೇನೆ.

ಬಿಳಿ ಹತ್ತಿಯೂ ಅಷ್ಟೇ. ಕಟ್ಟಿಗೆಯೊಳಗಿನ ಸಕ್ಕರೆ ಅಂಶ ನೀರಿಗೆ ಇಳಿಯುವಾಗ ಅದನ್ನು ತಿನ್ನಲು ಬರುವ ಶಿಲೀಂಧ್ರ ಮತ್ತು ಬ್ಯಾಕ್ಟೀರಿಯಾದ ಪದರ ಅದು. ಎರಡು-ನಾಲ್ಕು ವಾರ ಇರುತ್ತದೆ, ತಿನ್ನಲು ಏನೂ ಉಳಿಯದಿದ್ದಾಗ ತಾನೇ ಹೋಗುತ್ತದೆ. ನೋಡಲು ಅಸಹ್ಯ ಅನಿಸಿದರೆ ಹಳೇ ಟೂತ್ ಬ್ರಶ್ಶಿನಿಂದ ಉಜ್ಜಿ ತೆಗೆಯಿರಿ. ನಿಮ್ಮ ಸಕ್ಕರ್, ಮೋಲಿ ಇದನ್ನು ಮೆಲ್ಲುತ್ತವೆ. ಸಿಗಡಿ ಇದ್ದರಂತೂ ಹಬ್ಬ.

ಹಾಗಾದರೆ ಹೊಳೆ ಕಟ್ಟಿಗೆಯಲ್ಲಿ ಹೆದರಬೇಕಾದದ್ದೇ ಇಲ್ಲವೇ? ಇದೆ. ಬಣ್ಣವನ್ನೂ ಹತ್ತಿಯನ್ನೂ ನೋಡಿ ಹೆದರುವವರು ನಿಜವಾದ ಅಪಾಯವನ್ನು ಕೇಳುವುದೇ ಇಲ್ಲ. ಇದು ಎಲ್ಲಿಂದ ಬಂತು, ಯಾವ ಮರದ್ದು, ಗಟ್ಟಿ ಇದೆಯೋ ಕೊಳೆತಿದೆಯೋ, ಈ ಮೂರನ್ನು ಕೇಳಬೇಕು.

ಎಲ್ಲಿಂದ ಅನ್ನುವುದು ಮೊದಲು. 2020ರ ಅಕ್ಟೋಬರಿನಲ್ಲಿ ಭೀಮೆ ತುಂಬಿ ಹರಿದು ನಮ್ಮ ಹಳ್ಳಿಗಳಿಗೆ ನುಗ್ಗಿದಾಗ ಎಷ್ಟೋ ಮರ ಬುಡ ಸಮೇತ ಬಂದು ದಂಡೆಗೆ ಬಿದ್ದವು. ಅಂಥ ಬೇರುಗಳು ವರ್ಷಗಟ್ಟಲೆ ಬಿಸಿಲು ಮಳೆಗೆ ಸಿಕ್ಕು, ತೊಗಟೆ ಉದುರಿ, ಬೂದಿ ಬಣ್ಣಕ್ಕೆ ತಿರುಗಿ ಬಿದ್ದಿರುತ್ತವೆ. ಅಕ್ವೇರಿಯಂಗೆ ಅದಕ್ಕಿಂತ ಒಳ್ಳೇ ಮಾಲು ಇಲ್ಲ. ಆದರೆ ಊರಿನ ಗಟಾರ ಹೊಳೆಗೆ ಸೇರುವ ಜಾಗದ ಕೆಳಗಿನ ಕಟ್ಟಿಗೆ ಬೇಡ. ತೊಗರಿ, ಹತ್ತಿ ಹೊಲದ ಬದುವಿನಲ್ಲಿ ಬಿದ್ದಿದ್ದೂ ಬೇಡ. ಕಾಯಿಕೊರಕಕ್ಕೆ ಹೊಡೆಯುವ ಔಷಧಗಳಲ್ಲಿ ಪೈರೆಥ್ರಾಯ್ಡ್ ಜಾತಿಯವು ಮನುಷ್ಯರಿಗಿಂತ ಮೀನಿಗೆ ಎಷ್ಟೋ ಪಟ್ಟು ಹೆಚ್ಚು ವಿಷ. ಕಟ್ಟಿಗೆ ಸ್ಪಾಂಜಿನ ಹಾಗೆ, ಹೀರಿಕೊಂಡಿದ್ದನ್ನು ನಿಧಾನ ಬಿಡುತ್ತದೆ. ಕುದಿಸಿದರೂ ಪೂರ್ತಿ ಹೋಗುತ್ತದೆ ಅಂತ ಹೇಳಲಾಗದು. ಬಣ್ಣ, ವಾರ್ನಿಶ್, ಗೆದ್ದಲ ಔಷಧ ಕಂಡ ಬಾಗಿಲು-ತೊಲೆಯ ತುಂಡೂ ಬೇಡ. ದಂಡೆಯಲ್ಲಿ ಅರೆಸುಟ್ಟ ಕಟ್ಟಿಗೆ ಸಿಕ್ಕರೆ ಅದು ಯಾವ ಒಲೆಯದ್ದು ಅಂತ ನಾನು ಹೇಳಬೇಕಾಗಿಲ್ಲ, ಸುಮ್ನೆ ಬಿಟ್ಟು ಬನ್ನಿ. ಚಿಂಚೋಳಿ ಕಡೆ ಹೋಗುವವರಿಗೆ ಇನ್ನೊಂದು ಮಾತು: ಅಲ್ಲಿರುವುದು ವನ್ಯಧಾಮ. ಒಣಗಿ ಬಿದ್ದ ಕಡ್ಡಿ ಕೂಡ ಕಾಡಿನದ್ದೇ. ಚೆಂದ ಇದೆ ಅಂತ ಕಾರಿಗೆ ಹಾಕಿಕೊಂಡು ಬರುವಂತಿಲ್ಲ.

ಯಾವ ಮರ ಅಂದರೆ, ಗಟ್ಟಿ ಮರದ ಒಣ ಬೇರು ಒಳ್ಳೆಯದು. ಕರಿಜಾಲಿ, ಬಳ್ಳಾರಿ ಜಾಲಿಯ ಕೆಚ್ಚು ಬೇಗ ಕೊಳೆಯುವುದಿಲ್ಲ, ನೀರು ಕುಡಿದ ಮೇಲೆ ತೂಕವಾಗಿ ಕೂರುತ್ತದೆ. ಪೇರಲದ ಒಣ ಕೊಂಬೆಯ ಆಕಾರ ಬಹಳ ಚೆಂದ. ಮಾವು ಬೇಗ ಮೆತ್ತಗಾಗುತ್ತದೆ. ನುಗ್ಗೆಯಂತೂ ಬೆಂಡು. ಬೇವು ಇಡಬೇಡಿ, ಅದರ ಕಹಿಯಲ್ಲಿ ಹುಳ ಕೊಲ್ಲುವ ಗುಣ ಇರುವುದು ನಮಗೆ ಗೊತ್ತು, ಮೀನಿನ ಮೇಲೆ ಯಾಕೆ ಪ್ರಯೋಗ? ಹೊಂಗೆ ಬೇಡವೇ ಬೇಡ. ಅದರ ಬೇರು, ಬೀಜವನ್ನು ಅರೆದು ಮಡುವಿಗೆ ಹಾಕಿ ಮೀನಿಗೆ ಮತ್ತು ಬರಿಸಿ ಹಿಡಿಯುವ ಪದ್ಧತಿಯೇ ಇತ್ತು. ಕಣಗಿಲದ ಮೈಯೆಲ್ಲ ವಿಷ. ಮುರಿದರೆ ಹಾಲು ಒಸರುವ ಎಕ್ಕೆ, ಆಲ, ಅತ್ತಿಯ ಹಸಿ ಕಟ್ಟಿಗೆಯೂ ಬೇಡ. ಅಂಟು ವಾಸನೆ ಬರುವ ಪೈನ್ ಪೆಟ್ಟಿಗೆಯ ಹಲಗೆಯನ್ನೂ ಕೆಲವರು ಹಾಕುತ್ತಾರೆ. ಅದೂ ಬೇಡ. ಯಾವ ಮರ ಅಂತ ಗೊತ್ತಾಗದಿದ್ದರೆ ದಂಡೆಯಲ್ಲಿ ಕುರಿ ಮೇಯಿಸುವವರಿಗೆ ತೋರಿಸಿ. ಒಂದು ಚೂರು ಕಟ್ಟಿಗೆ ಮೂಸಿ ಹೇಳುತ್ತಾರೆ, ನನಗಿಂತ ಚೆನ್ನಾಗಿ.

ಮೂರನೆಯದು ಕೈಯಿಂದ ನೋಡಬೇಕಾದದ್ದು. ಬೇರನ್ನು ಹೊರಗೆ ತೆಗೆದು ಎಲ್ಲ ಕಡೆ ಹೆಬ್ಬೆರಳಿನ ಉಗುರು ಒತ್ತುತ್ತಾ ಬನ್ನಿ. ಗಟ್ಟಿ ಇದ್ದಲ್ಲಿ ಉಗುರು ಜಾರುತ್ತದೆ. ಕೊಳೆತಲ್ಲಿ ಹಳಸಿದ ರೊಟ್ಟಿಯೊಳಗೆ ಇಳಿದ ಹಾಗೆ ಇಳಿಯುತ್ತದೆ, ಒತ್ತಿದರೆ ಕಂದು ನೀರು ಒಸರುತ್ತದೆ. ಕವಲು ಒಡೆಯುವ ಸಂದು, ಮಣ್ಣಿನಲ್ಲಿ ಹುಗಿದಿದ್ದ ಕೆಳಭಾಗ, ಇವೆರಡನ್ನು ಬಿಡದೆ ನೋಡಿ. ಮೆತ್ತಗಿರುವಲ್ಲಿ ಚಾಕುವಿನಿಂದ ಗಟ್ಟಿ ಸಿಗುವ ತನಕ ಕೆತ್ತಿ. ಆಮೇಲೆ ಒಣಗಿದ ಮೇಲೆ ಇನ್ನೊಂದು ಕಟ್ಟಿಗೆಯಿಂದ ಬಡಿದು ನೋಡಿ. ಠಣ್ ಅಂದರೆ ಗಟ್ಟಿ. ದಬ್ ಅಂದರೆ ಒಳಗೆ ಟೊಳ್ಳು. ಕೊನೆಗೆ ಮೂಗು. ಮಣ್ಣಿನ ವಾಸನೆ, ಹೊಳೆ ವಾಸನೆ ಬಂದರೆ ಸರಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಒಳಗೆ ಗಾಳಿಯಿಲ್ಲದೆ ಕೊಳೆಯುತ್ತಿದೆ ಅಂತ ಅರ್ಥ. ಆಗ ಅವ್ವನ ಮಾತು ಕೇಳಿ, ಒಗೆಯಿರಿ.

ಇದನ್ನು ನಾನು ಕಲಿತದ್ದು ಕೆಟ್ಟೇ. ಹದಿನೈದು ವರ್ಷದ ಹಿಂದೆ ಕಾಗಿಣಾ ಹೊಳೆಯಿಂದ ಒಂದು ಬೊಡ್ಡೆ ತಂದಿದ್ದೆ. ಹೊರಗೆ ಕಬ್ಬಿಣದಂತೆ ಇತ್ತು. ಕುದಿಸಿದೆ, ನೆನೆಸಿದೆ, ಶಾಸ್ತ್ರವೆಲ್ಲ ಮಾಡಿದೆ. ಬಡಿದು ಮಾತ್ರ ನೋಡಲಿಲ್ಲ. ಟ್ಯಾಂಕಿಗೆ ಇಟ್ಟ ಎರಡನೇ ತಿಂಗಳು ಮಗಳು ‘ಅಪ್ಪಾ, ಮೀನೆಲ್ಲ ಮೇಲೆ ಬಂದು ಬಾಯಿ ತೆಗೀತಾವೆ’ ಅಂದಳು. ನೀರು ಮಜ್ಜಿಗೆಯಂತೆ ಮಂಕಾಗಿತ್ತು. ಬೊಡ್ಡೆ ಎತ್ತಿದರೆ ಕೈಯಲ್ಲೇ ಎರಡು ಹೋಳಾಯಿತು. ಒಳಗೆ ಕರಿ ಅಂಬಲಿ. ಒಳಗಿನ ಕೊಳೆತ ತಿನ್ನಲು ಬ್ಯಾಕ್ಟೀರಿಯಾ ಮುಗಿಬಿದ್ದು ನೀರಿನ ಆಮ್ಲಜನಕವನ್ನೆಲ್ಲ ಎಳೆದುಕೊಂಡಿದ್ದವು. ಆ ದಿನದಿಂದ ಬಡಿಯದೆ ಯಾವ ಕಟ್ಟಿಗೆಯನ್ನೂ ಒಳಗೆ ಬಿಟ್ಟಿಲ್ಲ.

ಈಗ ಸಂಸ್ಕಾರ. ಮೊದಲು ತೊಗಟೆ ಪೂರ್ತಿ ಕಿತ್ತು ಹಾಕಿ. ಒಂದು ಚೂರೂ ಉಳಿಯಬಾರದು, ಬಣ್ಣ ಬಿಡುವುದೂ ಅದೇ, ಮೊದಲು ಕೊಳೆಯುವುದೂ ಅದೇ. ತಂತಿ ಬ್ರಶ್ಶಿನಿಂದ ಸಂದುಗೊಂದಿನ ಮಣ್ಣು ತೆಗೆಯಿರಿ. ಸೋಪು, ಬಟ್ಟೆ ತೊಳೆಯುವ ಪುಡಿ ಮುಟ್ಟಿಸಲೇಬೇಡಿ. ಆಮೇಲೆ ಮಾಳಿಗೆ ಮೇಲೆ ಹದಿನೈದು ದಿನ ಬಿಸಿಲಿಗೆ ಬಿಡಿ. ಬೆಂಗಳೂರಿನವರು ಓವನ್ನಿನಲ್ಲಿ ಕಟ್ಟಿಗೆ ಇಡಬಹುದೇ ಅಂತ ಕೇಳುತ್ತಿರುತ್ತಾರೆ. ನಮಗೆ ಏಪ್ರಿಲ್-ಮೇ ತಿಂಗಳಲ್ಲಿ ಮಾಳಿಗೆಯೇ ಓವನ್. 40 ಡಿಗ್ರಿ ದಾಟಿದ ಬಿಸಿಲಿನಲ್ಲಿ ಎರಡು ದಿನಕ್ಕೊಮ್ಮೆ ಮಗ್ಗುಲು ಬದಲಿಸುತ್ತಾ ಹೋದರೆ ಒಳಗಿನ ಹಸಿ ಆರುತ್ತದೆ.

ಒಣಗಿದ ಮೇಲೆ ಕುದಿಸಿ. ಒಂದರಿಂದ ಎರಡು ತಾಸು, ಮುಳುಗುವಷ್ಟು ನೀರಿನಲ್ಲಿ. ಬಸವನಹುಳು, ಅದರ ಮೊಟ್ಟೆ, ಜಿಗಣೆ, ಕೊಡತಿಹುಳದ ಮರಿ ಎಲ್ಲ ಇದರಿಂದ ಸಾಯುತ್ತವೆ. ಕೊಡತಿಹುಳ ಅಂದರೆ ಏರೋಪ್ಲೇನ್ ಚಿಟ್ಟೆ. ಅದರ ಮರಿ ನೀರಿನಲ್ಲಿ ಗಪ್ಪಿ ಮರಿಗಳನ್ನು ಬೇಟೆಯಾಡುತ್ತದೆ, ಟ್ಯಾಂಕಿಗೆ ಬಂದರೆ ಮರಿ ಯಾಕೆ ಕಡಿಮೆ ಆಗುತ್ತಿವೆ ಅಂತ ತಿಂಗಳುಗಟ್ಟಲೆ ತಿಳಿಯುವುದಿಲ್ಲ. ಕುದಿಸಿದ ನೀರು ಕಡು ಕಂದಾಗಿದ್ದರೆ ಚೆಲ್ಲಿ, ಹೊಸ ನೀರಿನಲ್ಲಿ ಇನ್ನೊಮ್ಮೆ ಕುದಿಸಿ. ದಿನಗಟ್ಟಲೆ ಕುದಿಸುವುದು ಬೇಡ, ಕಟ್ಟಿಗೆಯ ನಾರು ಸಡಿಲಾಗಿ ಬೇಗ ಕೊಳೆಯುತ್ತದೆ. ಬೇರು ಪಾತ್ರೆಗೆ ದೊಡ್ಡದಾದರೆ ಸ್ನಾನದ ನೀರು ಕಾಯಿಸುವ ಹಂಡೆ ಒಳ್ಳೇದು. ಆದರೆ ಅವ್ವನನ್ನು ಕೇಳಿ ಹಂಡೆ ಮುಟ್ಟಿ. ಟ್ಯಾನಿನ್ ಕಲೆ ಹಂಡೆಗೆ ಹತ್ತಿದರೆ ಹುಣಸೆಹಣ್ಣು ಹಾಕಿ ತಿಕ್ಕುವ ಕೆಲಸ ನಿಮ್ಮದೇ, ನಾನು ಆ ಶಿಕ್ಷೆ ಅನುಭವಿಸಿದವ. ಹಂಡೆಗೂ ಹಿಡಿಯದಿದ್ದರೆ ಅರ್ಧರ್ಧ ಮಾಡಿ ಕುದಿಸಿ, ಇಲ್ಲವೇ ಪ್ಲಾಸ್ಟಿಕ್ ಡ್ರಮ್ಮಿಗೆ ಕುದಿನೀರು ಸುರಿದು ಮುಚ್ಚಿಡಿ. ನಾಲ್ಕೈದು ಸಲ ಹಾಗೆ ಮಾಡಿ.

ಆಮೇಲೆ ಬಕೆಟ್ಟಿನಲ್ಲಿ ನೆನೆಸಿ, ಎರಡು-ಮೂರು ದಿನಕ್ಕೊಮ್ಮೆ ನೀರು ಬದಲಿಸಿ. ಎರಡು ವಾರ, ಮೂರು ವಾರ, ಕೆಲವಕ್ಕೆ ಇನ್ನೂ ಜಾಸ್ತಿ. ಬಿಳಿ ಲೋಟದಲ್ಲಿ ಆ ನೀರು ತೆಗೆದು ನೋಡಿ. ಲೋಟದ ತಳ ಸ್ಪಷ್ಟ ಕಂಡರೆ ಟ್ಯಾಂಕಿಗೆ ಹೋಗಲು ತಯಾರು. ಬಿಳಿ ಹತ್ತಿಯೂ ಬಹುಪಾಲು ಈ ಬಕೆಟ್ಟಿನಲ್ಲೇ ಬಂದು ಹೋಗುತ್ತದೆ. ನೀವು ಬಕೆಟ್ಟಿನಲ್ಲಿ ಆಗಬೇಕಾದ ಕೆಲಸವನ್ನು ಟ್ಯಾಂಕಿನಲ್ಲಿ ಮಾಡಿಸಿದಿರಿ, ಅದಕ್ಕೇ ಇಷ್ಟು ಗಾಬರಿ.

ನೆನೆದ ಮೇಲೂ ತೇಲಿದರೆ ಭಾರ ಕಟ್ಟಬೇಕು. ಇಲ್ಲಿ ನಿಮ್ಮ ಶಹಾಬಾದ್ ಕಲ್ಲಿನ ಮಾತು ಬರುತ್ತದೆ. ನಮ್ಮ ಜಿಲ್ಲೆಗಳಲ್ಲಿ ಮನೆ ನೆಲಕ್ಕೆ, ಕಟ್ಟೆಗೆ, ಕಪಾಟಿಗೆ ಎಲ್ಲದಕ್ಕೂ ಅದೇ ಕಲ್ಲು, ಹಾಗಾಗಿ ಅಕ್ವೇರಿಯಂಗೂ ಅದೇ ಕೈಗೆ ಸಿಗುತ್ತದೆ. ಆದರೆ ಅದು ಸುಣ್ಣದ ಕಲ್ಲು. ವಾಡಿ, ಸೇಡಂ ಕಡೆ ಸಿಮೆಂಟ್ ಕಾರ್ಖಾನೆಗಳು ಸಾಲಾಗಿ ನಿಂತಿರುವುದೂ ನೆಲದಡಿಯ ಇದೇ ಸುಣ್ಣದ ಕಲ್ಲಿಗೋಸ್ಕರ. ನೀರಿನಲ್ಲಿ ಸ್ವಲ್ಪವೇ ಹುಳಿ ಇದ್ದರೂ ಅದು ಕರಗುತ್ತದೆ, ನೀರನ್ನು ಇನ್ನಷ್ಟು ಗಡಸು ಮಾಡುತ್ತದೆ.

ನಂಬಿಕೆ ಬರದಿದ್ದರೆ ನೀವೇ ನೋಡಿ. ಆ ತುಂಡಿನ ಮೇಲೆ ಮೊಳೆಯಿಂದ ಜೋರಾಗಿ ಗೀಚಿ, ಬಿಳಿ ಪುಡಿ ಏಳಲಿ. ಆ ಪುಡಿಯ ಮೇಲೆ ನಾಲ್ಕು ಹನಿ ವಿನೆಗರ್ ಬಿಡಿ. ಇಲ್ಲದಿದ್ದರೆ ನಿಂಬೆಹಣ್ಣು ಹಿಂಡಿ. ಬಗ್ಗಿ ನೋಡಿದರೆ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಎದ್ದು ಎದ್ದು ಒಡೆಯುತ್ತಿರುತ್ತವೆ. ಕಿವಿ ಹತ್ತಿರ ತಂದರೆ ಸೋಡಾ ಬಾಟಲಿಯಂತೆ ಸಣ್ಣಗೆ ಚುರ್ ಅನ್ನುತ್ತದೆ. ಗುಳ್ಳೆ ಎದ್ದರೆ ಸುಣ್ಣ ಇದೆ ಅಂತ. ಗೀಚದೆ ನುಣುಪು ಮೈ ಮೇಲೆ ಹನಿ ಬಿಟ್ಟರೆ ಗುಳ್ಳೆ ಕಾಣದೇ ಹೋಗಬಹುದು, ಗೀಚುವುದು ಮುಖ್ಯ. ಟ್ಯಾಂಕಿಗೆ ಹೋಗುವ ಪ್ರತಿ ಕಲ್ಲಿಗೂ ಈ ಪರೀಕ್ಷೆ ಮಾಡಿ. ಕರಿಕಲ್ಲು ಸಾಮಾನ್ಯವಾಗಿ ಪಾಸಾಗುತ್ತದೆ, ಆದರೆ ಅದರ ತೂತುಗಳಲ್ಲಿ ಬಿಳಿ ಹರಳು ತುಂಬಿದ್ದರೆ ಆ ಹರಳನ್ನೇ ಗೀಚಿ ನೋಡಿ. ಬೀದರಿನವರು ತಮ್ಮ ಕೆಂಪು ಜಂಬಿಟ್ಟಿಗೆ ಇಡಬಹುದೇ ಅಂತ ಕೇಳುತ್ತಾರೆ. ಅದು ಗುಳ್ಳೆ ಏಳಿಸುವುದಿಲ್ಲ, ಆದರೆ ಪುಡಿಪುಡಿಯಾಗಿ ಕೆಮ್ಮಣ್ಣು ಬಿಡುತ್ತದೆ. ನಿಮ್ಮ ಯಾದಗಿರಿಯಲ್ಲಿ ಯೋಚನೆಯೇ ಬೇಡ, ಕೋಟೆ ಗುಡ್ಡ ಇರುವುದೇ ಗ್ರಾನೈಟಿನದ್ದು. ಕೋಟೆಯ ಕಲ್ಲು ತರಬೇಡಿ ಮತ್ತೆ! ಕಲ್ಲು ಕೊಯ್ಯುವವರ ಬಳಿ ಚೂರುಪಾರು ಪುಕ್ಕಟೆ ಸಿಗುತ್ತದೆ.

ಅಂದ ಹಾಗೆ, ಶಹಾಬಾದ್ ಕಲ್ಲೂ ನಿಮ್ಮ ಮೀನನ್ನು ಕೊಂದಿಲ್ಲ. ಗಪ್ಪಿ, ಮೋಲಿಗೆ ಗಡಸು ನೀರೇ ಇಷ್ಟ. ಅದನ್ನು ತೆಗೆಯಿರಿ ಅನ್ನುವುದಕ್ಕೆ ಬೇರೆ ಕಾರಣ ಇದೆ. ಬೇರಿನ ಮೇಲೆ ಸುಮ್ನೆ ಹೇರಿದ ಕಲ್ಲು ಒಂದು ರಾತ್ರಿ ಜಾರುತ್ತದೆ, ಬೇರು ಮೇಲಕ್ಕೆ ಚಿಮ್ಮುತ್ತದೆ, ಕಲ್ಲು ಗಾಜಿಗೆ ಬಡಿಯುತ್ತದೆ. 50 ಲೀಟರ್ ನೀರು ಹಾಸಿಗೆ ಕೆಳಗೆ ಹರಿದು ಬಂದಾಗ ಎಚ್ಚರ ಆಗುವುದು ಬೇಡ. ಭಾರ ಮೇಲೆ ಹೇರುವ ಬದಲು ಕೆಳಗೆ ಕಟ್ಟಿ. ಒಂದು ಗ್ರಾನೈಟ್ ಚಪ್ಪಡಿಗೆ ಡ್ರಿಲ್ಲಿನಿಂದ ತೂತು ಹಾಕಿಸಿ, ಕೆಳಗಿನಿಂದ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಬೇರಿಗೆ ಬಿಗಿಯಿರಿ. ಸಾದಾ ಕಬ್ಬಿಣದ ಸ್ಕ್ರೂ ಮತ್ತು ಹಿತ್ತಾಳೆ ಬೇಡ. ಹಿತ್ತಾಳೆಯ ತಾಮ್ರ ಸಿಗಡಿ, ಬಸವನಹುಳುವಿಗೆ ಆಗುವುದಿಲ್ಲ. ಚಪ್ಪಡಿಯನ್ನು ಮರಳಿನಲ್ಲಿ ಹುಗಿದರೆ ಕಾಣುವುದೂ ಇಲ್ಲ. ಕೆಲವು ತಿಂಗಳಲ್ಲಿ ಬೇರು ನೀರು ಕುಡಿದು ತಾನೇ ಮುಳುಗುತ್ತದೆ.

ಇನ್ನು ನಿಯಾನ್ ಟೆಟ್ರಾ. ಕಟ್ಟಿಗೆ ನೀರನ್ನು ಹುಳಿಯಾಗಿಸುತ್ತದೆ ಅನ್ನುವುದು ಸುಳ್ಳಲ್ಲ, ಆದರೆ ನಮ್ಮ ನೀರಿಗೆ ಅದು ಹೊಂದುವ ಮಾತಲ್ಲ. ಒಂದು ಕೊಡ ಸುಣ್ಣದ ತಿಳಿಗೆ ಅರ್ಧ ನಿಂಬೆಹಣ್ಣು ಹಿಂಡಿದರೆ ಹುಳಿ ಎಲ್ಲಿ ಹೋಯಿತು ಅಂತ ಕಾಣುತ್ತದೆಯೇ? ಹಾಗೇ ಇದು. ನೀರಿನಲ್ಲಿ ಕರಗಿದ ಬೈಕಾರ್ಬೊನೇಟ್ ಬೇರು ಬಿಡುವ ಹುಳಿಯನ್ನೆಲ್ಲ ನುಂಗಿಬಿಡುತ್ತದೆ. ಬಣ್ಣ ಮಾತ್ರ ಉಳಿಯುತ್ತದೆ, ಪಿಎಚ್ ಇದ್ದಲ್ಲೇ ಇರುತ್ತದೆ. ಅದರ ಜೊತೆ ಸುಣ್ಣದ ಕಲ್ಲನ್ನೂ ಇಟ್ಟರೆ ಒಂದು ಕೈಯಲ್ಲಿ ಇಳಿಸಿ ಇನ್ನೊಂದು ಕೈಯಲ್ಲಿ ಏರಿಸಿದ ಹಾಗೆ. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗೆ ಇರಬೇಕು, ಬೇರೆ ನೀರೇ ಇಲ್ಲದಿದ್ದರೆ 600ರ ವರೆಗೆ ನಡೆಯುತ್ತದೆ ಅಂತಿದೆ. ನಿಮ್ಮ ಮನೆಯ ಹೀಟರ್ ಕಾಯಿಲಿನ ಮೇಲೆ ಬಿಳಿ ಚಕ್ಕೆ ಎಷ್ಟು ದಪ್ಪ ಕಟ್ಟಿದೆ ನೋಡಿ, ನಿಮ್ಮ ಬೋರು ಯಾವ ತುದಿಗೆ ಹತ್ತಿರ ಅಂತ ಅಂದಾಜು ಸಿಗುತ್ತದೆ.

ನಿಯಾನ್ ಸಾಕಲೇಬೇಕು ಅಂದರೆ ಆರ್‌ಒ (ಯಂತ್ರದಲ್ಲಿ ಸೋಸಿ ಲವಣ ತೆಗೆದ) ನೀರನ್ನು ನಳದ ನೀರಿಗೆ ಬೆರೆಸಬೇಕು. ಮುಕ್ಕಾಲು ಆರ್‌ಒ, ಕಾಲು ನಳ, ಅಲ್ಲಿಂದ ಶುರು ಮಾಡಿ ಟೆಸ್ಟ್ ಕಿಟ್ ನೋಡುತ್ತಾ ಹೊಂದಿಸಿ. ಬರೀ ಆರ್‌ಒ ನೀರು ಹಾಕಿದರೆ ಪಿಎಚ್ ಹಿಡಿತಕ್ಕೆ ಸಿಗದೆ ಕುಸಿಯುತ್ತದೆ. ಅಂಥ ನೀರಿನಲ್ಲಿ ಮಾತ್ರ ಬೇರಿನ ಹುಳಿಗೆ ಕೆಲಸ ಇರುತ್ತದೆ. ಆದರೆ ನಿಯಾನಿಗೆ ತಂಪು ಬೇಕು, 30 ಡಿಗ್ರಿ ದಾಟಿದರೆ ಒದ್ದಾಡುತ್ತದೆ. ಮೇ ತಿಂಗಳಲ್ಲಿ ಫ್ಯಾನ್ ಹಾಕಿ ಟ್ಯಾಂಕ್ ತಂಪು ಮಾಡುತ್ತಾ ಕೂರುವುದಕ್ಕಿಂತ ನನ್ನ ಸಲಹೆ, ಗಪ್ಪಿಗಳನ್ನೇ ಚೆನ್ನಾಗಿ ಸಾಕಿ. ಗಡಸು ನೀರಿನಲ್ಲಿ ಬೆಳೆದ ಗಪ್ಪಿಯ ಬಾಲ ನೋಡಿದವರು ನಿಯಾನ್ ಕೇಳುವುದಿಲ್ಲ.

ಅಂಗಡಿಯ ಇಂಪೋರ್ಟೆಡ್ ತುಂಡು ಕೆಟ್ಟದ್ದೇನಲ್ಲ. ಆಫ್ರಿಕಾದ ಮೊಪಾನಿ, ಮಲೇಷಿಯಾದ ಕಟ್ಟಿಗೆ ಭಾರ ಇರುತ್ತವೆ, ತಾವೇ ಮುಳುಗುತ್ತವೆ, ಆ ಅನುಕೂಲಕ್ಕೆ ದುಡ್ಡು ಕೊಡಬಹುದು. ಆದರೆ ಅವೂ ಬಣ್ಣ ಬಿಡುತ್ತವೆ. ಮೊಪಾನಿಯಂತೂ ನಿಮ್ಮ ಜಾಲಿಗೆ ಸಾಟಿ. ಅವಕ್ಕೂ ಬಿಳಿ ಹತ್ತಿ ಬರುತ್ತದೆ. 1,800 ಕೊಟ್ಟು ತಂದು, ನೆನೆಸದೆ ಇಟ್ಟು, ಮತ್ತೆ ಇದೇ ಪ್ರಶ್ನೆ ಕೇಳಿದವರು ನನಗೆ ಗೊತ್ತು.

ಬೇರು ತಯಾರಾದ ಮೇಲೆ ಒಂದೆರಡು ಸಣ್ಣ ಕೆಲಸ. ಚೂಪು ತುದಿಗಳನ್ನು ಮರಳು ಕಾಗದದಿಂದ ತಿಕ್ಕಿ ಮೊಂಡು ಮಾಡಿ. ಮೀನು ಗಾಬರಿಯಲ್ಲಿ ಓಡುವಾಗ ಮೈ ಗೀರಿಕೊಳ್ಳುತ್ತದೆ, ಗೋಲ್ಡ್ ಫಿಶ್ ಇರುವವರಿಗೆ ಇದು ಇನ್ನೂ ಮುಖ್ಯ. ಗಾಜಿಗೂ ಬೇರಿಗೂ ನಡುವೆ ಮೀನು ಸಿಕ್ಕಿಕೊಳ್ಳುವಂಥ ಸಂದು ಬಿಡಬೇಡಿ. ಗಿಡ ಬೇಕಿದ್ದರೆ ಅನುಬಿಯಸ್ ಅಥವಾ ಜಾವಾ ಫರ್ನ್ ತಂದು ದಾರದಿಂದ ಬೇರಿಗೆ ಕಟ್ಟಿ. ಎರಡಕ್ಕೂ ಮಣ್ಣು ಬೇಡ, ಬೆಳಕೂ ಜಾಸ್ತಿ ಬೇಡ. ಅವುಗಳ ದಪ್ಪ ಗೆಡ್ಡೆಯನ್ನು ಮರಳಲ್ಲಿ ಹುಗಿದರೆ ಕೊಳೆಯುತ್ತದೆ, ಕಟ್ಟಿಗೆ ಮೇಲೆ ಬಿಟ್ಟರೆ ಒಂದೆರಡು ತಿಂಗಳಲ್ಲಿ ತಾನೇ ಬೇರು ಬಿಟ್ಟು ಹಿಡಿದುಕೊಳ್ಳುತ್ತದೆ.

ಕೊನೆಗೆ ನಿಮ್ಮ ಸಕ್ಕರ್. ಅದು ಕಟ್ಟಿಗೆ ಮೇಲಿನ ಪಾಚಿ, ಲೋಳೆ ಕೆರೆದು ತಿನ್ನುತ್ತದೆ. ಕೆರೆಯುವಾಗ ಕಟ್ಟಿಗೆಯ ಪುಡಿಯೂ ಹೊಟ್ಟೆಗೆ ಹೋಗುತ್ತದೆ, ಹೊಟ್ಟು ಹೊಟ್ಟಾದ ಹೇಲು ಮರಳಿನ ಮೇಲೆ ಕಾಣಿಸುತ್ತದೆ. ತೊಂದರೆ ಏನಿಲ್ಲ. ಆದರೆ ಅದಕ್ಕೆ ಅದೇ ಊಟ ಅಲ್ಲ, ಸೌತೆಕಾಯಿ ಹೋಳು, ಮುಳುಗುವ ಗುಳಿಗೆ ಹಾಕಬೇಕು. ಹಗಲು ಅಡಗಲು ಅದಕ್ಕೆ ಬೇರು ಬೇಕೇ ಬೇಕು, ಹಾಗಾಗಿ ಬೇರು ಬಕೆಟ್ಟಿನಲ್ಲಿರುವ ಈ ತಿಂಗಳು ಒಂದು ಮಣ್ಣಿನ ಕುಡಿಕೆಯನ್ನು ಅಡ್ಡ ಮಲಗಿಸಿಡಿ. ಇನ್ನೊಂದು ಸಂಗತಿ ಅಂಗಡಿಯವರು ಹೇಳಿರುವುದಿಲ್ಲ. ಮೂರು ಇಂಚಿನ ಆ ಮೀನು ಒಂದು ಅಡಿ ದಾಟಿ ಬೆಳೆಯುತ್ತದೆ. ನಿಮ್ಮ ಎರಡಡಿ ಟ್ಯಾಂಕಿನಲ್ಲಿ ಒಂದು ದಿನ ತಿರುಗಲೂ ಜಾಗ ಇರುವುದಿಲ್ಲ. ಆಗ ಬೇರು ತಂದ ದಾರಿಯಲ್ಲೇ ಹೋಗಿ ಮೀನನ್ನು ಭೀಮೆಗೆ ಬಿಡೋಣ ಅನಿಸುತ್ತದೆ. ದಯವಿಟ್ಟು ಬಿಡಬೇಡಿ. ಅದು ದಕ್ಷಿಣ ಅಮೆರಿಕದ ಮೀನು, ಮೈ ಮೇಲೆ ಎಲುಬಿನ ಚಿಪ್ಪು, ಇಲ್ಲಿ ಅದನ್ನು ತಿನ್ನುವವರು ಕಡಿಮೆ. ಆಂಧ್ರದ ಕೆರೆ, ಕಾಲುವೆಗಳಲ್ಲಿ ಹೀಗೆ ಸೇರಿಕೊಂಡು ಬಲೆ ಹರಿದು ಮೀನುಗಾರರನ್ನು ಗೋಳು ಹೊಯ್ದುಕೊಳ್ಳುತ್ತಿದೆ. ದೊಡ್ಡ ಟ್ಯಾಂಕ್ ಇರುವವರನ್ನು ಈಗಿನಿಂದಲೇ ಕೇಳಿಡಿ, ಅಂಗಡಿಗೆ ವಾಪಸ್ ಕೊಟ್ಟರೂ ಸರಿ.